ಬೋರ್ ಮಾಡಿಸಿದ ಅಂಬಾಸಡರ್ ಎಂಜಿನ್‌ಗೆ ಟೈಮಿಂಗ್ ಸೆಟ್ ಮಾಡುವುದು: ಸ್ಟಾರ್ಟರ್ ಮುಟ್ಟುವ ಮೊದಲಿನ ಕೆಲಸ

ಎಂಜಿನ್ ಇಳಿಸಿ, ಬ್ಲಾಕ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗು ಹಾಕಿ ಮತ್ತೆ ಗಾಡಿಗೆ ಏರಿಸಿದ ಮೇಲೆ ಎಲ್ಲರಿಗೂ ಒಂದೇ ಆತುರ: ಒಮ್ಮೆ ಸ್ಟಾರ್ಟ್ ಮಾಡಿ ಸದ್ದು ಕೇಳಬೇಕು. ಟೈಮಿಂಗ್ ಅನ್ನು, ಅಂದರೆ ಪ್ಲಗ್‌ನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದನ್ನು, ಎಂಜಿನ್ ಓಡಲು ಶುರುವಾದ ಮೇಲೆ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಭಾಗ) ಅತ್ತಿತ್ತ ತಿರುಗಿಸಿ ಕಿವಿಯಲ್ಲೇ ನೋಡಿಕೊಂಡರಾಯಿತು ಎನ್ನುವವರೇ ಹೆಚ್ಚು. ಹಳೆಯ, ಪಳಗಿದ ಎಂಜಿನ್‌ಗೆ ಅದು ನಡೆದೀತು. ಹೊಸದಾಗಿ ಕಟ್ಟಿದ ಎಂಜಿನ್‌ಗೆ ನಡೆಯುವುದಿಲ್ಲ. ಕ್ಯಾಮ್ ಶಾಫ್ಟ್, ಟ್ಯಾಪೆಟ್ ಹೊಸದಾಗಿದ್ದರೆ ಮೊದಲ ಸ್ಟಾರ್ಟ್ ಆದ ಕೂಡಲೇ ಎಂಜಿನ್ ಅನ್ನು 1500ರಿಂದ 2500 ಆರ್‌ಪಿಎಂ ನಡುವೆ ಸುಮಾರು 20 ನಿಮಿಷ ಓಡಿಸಬೇಕು. ನಿಧಾನಕ್ಕೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಕ್ಯಾಮ್‌ಗೆ ಎಣ್ಣೆ ಸಾಲದೆ ಅದರ ಮೈ ಸವೆಯುತ್ತದೆ. ಟೈಮಿಂಗ್ ತಪ್ಪಿದ್ದು ಗಾಡಿ ಹಿಡಿಯದೆ ಸ್ಟಾರ್ಟರ್ ಹೊಡೆಯುತ್ತಲೇ ಇದ್ದರೆ, ಕಟ್ಟುವಾಗ ಬಳಿದ ಎಣ್ಣೆಯೆಲ್ಲ ಒರೆಸಿ ಹೋಗುತ್ತದೆ, ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆಯುತ್ತದೆ. ಆದ್ದರಿಂದ ಮೊದಲ ಕಿಡಿ ಹಾರುವ ಹೊತ್ತಿಗೇ ಟೈಮಿಂಗ್ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಒಂದೆರಡು ಡಿಗ್ರಿ ಒಳಗೆ ಸರಿಯಿರಬೇಕು. ಈ ಕೆಲಸದ ಮುಕ್ಕಾಲು ಪಾಲು ಎಂಜಿನ್ ಆಫ್ ಇರುವಾಗಲೇ ಮುಗಿಯುವಂಥದ್ದು.

ಇಲ್ಲಿ ಹೇಳುವುದೆಲ್ಲ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಹಿಂದೂಸ್ತಾನ್ ಮೋಟಾರ್ಸ್ 1957ರಲ್ಲಿ ಉತ್ತರಪಾರದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮೇಲೆ ಅಂಬಾಸಡರ್ ಶುರು ಮಾಡಿದಾಗ ಅದರಲ್ಲಿದ್ದದ್ದು ಸೈಡ್ ವಾಲ್ವ್ ಎಂಜಿನ್. ಅದರ ನಂತರ ಬಂದದ್ದು ಈ ಓವರ್‌ಹೆಡ್ ವಾಲ್ವ್ ಬಿಎಂಸಿ ಬಿ-ಸೀರೀಸ್. ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೂ ಇದೇ ಕುಟುಂಬದ ಎಂಜಿನ್ ಇತ್ತು. ಹಾಗಾಗಿ ಬ್ರಿಟಿಷ್ ಕೈಪಿಡಿಗಳಲ್ಲಿರುವ ವಿಧಾನ ನಮ್ಮ ಗಾಡಿಗೂ ಬಹುಪಾಲು ಹೊಂದುತ್ತದೆ. ವಿಧಾನವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಿ, ಡಿಗ್ರಿಯ ಅಂಕಿ ಬೇಡ. ನಮ್ಮ ಎಂಜಿನ್‌ಗಳ ಕಂಪ್ರೆಷನ್ ಕಡಿಮೆ, ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗೂ ಬೇರೆಯಿರಬಹುದು. ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿ ಏನಿದೆಯೋ ಅದೇ ಅಂತಿಮ. ಕೆಳಗೆ ನಾನು 5 ಡಿಗ್ರಿ ಎಂದು ಬರೆದಲ್ಲೆಲ್ಲ ಅದು ಉದಾಹರಣೆ. ನಿಮ್ಮ ಪುಸ್ತಕದ ಅಂಕಿಯನ್ನು ಅಲ್ಲಿ ಹಾಕಿಕೊಂಡು ಓದಿ.

ಕಿಡಿ ಮುಂಚೆ ಏಕೆ ಹಾರಬೇಕು

ಪಿಸ್ಟನ್ ತೀರಾ ಮೇಲೆ ಬಂದು ನಿಲ್ಲುವ ಜಾಗಕ್ಕೆ ಟಿಡಿಸಿ ಎನ್ನುತ್ತೇವೆ. ಕಿಡಿ ಹಾರಿದ ಕ್ಷಣವೇ ಒಳಗಿನ ಪೆಟ್ರೋಲ್ ಗಾಳಿ ಪೂರ್ತಿ ಉರಿದುಹೋಗುವುದಿಲ್ಲ, ಉರಿ ಹರಡಲು ಸಮಯ ಬೇಕು. ಒತ್ತಡ ಅತಿ ಹೆಚ್ಚಾಗಬೇಕಾದದ್ದು ಪಿಸ್ಟನ್ ಟಿಡಿಸಿ ದಾಟಿ ಸ್ವಲ್ಪ ಕೆಳಗಿಳಿಯುವಾಗ, ಆಗಲೇ ಅದು ಕ್ರ್ಯಾಂಕನ್ನು ಚೆನ್ನಾಗಿ ತಳ್ಳುವುದು. 800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 5 ಡಿಗ್ರಿಗೂ ತುಸು ಕಡಿಮೆ ತಿರುಗುತ್ತದೆ. 3000ಕ್ಕೆ ಹೋದರೆ ಅಷ್ಟೇ ಹೊತ್ತಿನಲ್ಲಿ 18 ಡಿಗ್ರಿ. ವೇಗ ಹೆಚ್ಚಿದಂತೆ ಕಿಡಿಯೂ ಮುಂಚೆ ಹಾರಬೇಕು. ಅದಕ್ಕೇ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ತೂಕ, ಎರಡು ಸ್ಪ್ರಿಂಗ್. ಕಾಲು ಹಗುರವಾಗಿ ಇಟ್ಟು ಓಡಿಸುವಾಗ ಇನ್ನಷ್ಟು ಅಡ್ವಾನ್ಸ್ ಕೊಡಲು, ಅಂದರೆ ಕಿಡಿ ಇನ್ನೂ ಮುಂಚೆ ಹಾರಿಸಲು, ಪಕ್ಕದಲ್ಲಿ ವ್ಯಾಕ್ಯೂಮ್ ಡಬ್ಬಿ. ನಾವು ಕೈಯಿಂದ ಸೆಟ್ ಮಾಡುವುದು ಆರಂಭದ ಬಿಂದುವನ್ನು ಮಾತ್ರ. ಉಳಿದದ್ದು ಆ ತೂಕ, ಸ್ಪ್ರಿಂಗ್, ಡಬ್ಬಿಯ ಕೆಲಸ.

ಡಿಸ್ಟ್ರಿಬ್ಯೂಟರ್ ಮೊದಲು ಮೇಜಿನ ಮೇಲೆ

ಎಂಜಿನ್‌ಗೆ ಅಷ್ಟು ಖರ್ಚು ಮಾಡಿ ಡಿಸ್ಟ್ರಿಬ್ಯೂಟರನ್ನು ಹೊರಗೆ ಒರೆಸಿ ಹಾಗೇ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದೂ ಎಂಜಿನ್‌ನಷ್ಟೇ ಓಡಿದೆ. ಶಾಫ್ಟ್ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಸ್ಪಷ್ಟವಾಗಿ ಆಟ ಸಿಕ್ಕರೆ ಬುಷ್ ಸವೆದಿದೆ ಎಂದರ್ಥ. ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹಾರಿಸುವ ಸಣ್ಣ ಸ್ವಿಚ್) ಗ್ಯಾಪ್ ಪ್ರತಿ ಸುತ್ತಿಗೂ ಬದಲಾಗುತ್ತದೆ, ಟೈಮಿಂಗ್ ಒಂದು ಕಡೆ ನಿಲ್ಲುವುದೇ ಇಲ್ಲ. ಬುಷ್ ಹಾಕಿಸದೆ ಮುಂದೆ ಹೋಗಬೇಡಿ.

ಶಾಫ್ಟ್ ತುದಿಯಲ್ಲಿ ಕೂತ ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಚಿ ಬಿಡಿ. ಸ್ಪ್ರಿಂಗ್ ಅದನ್ನು ಚಟ್ಟನೆ ವಾಪಸ್ ಎಳೆಯಬೇಕು. ಸೋಮಾರಿಯಾಗಿ ಬಂದರೆ ಅಥವಾ ಬಾರದೇ ಇದ್ದರೆ ಕೆಳಗೆ ತೂಕಗಳು ತುಕ್ಕು ಹಿಡಿದಿವೆ. ಬಿಚ್ಚಿ ತೊಳೆದು ಹಗುರ ಎಣ್ಣೆ ಹಾಕಿ. ವ್ಯಾಕ್ಯೂಮ್ ಡಬ್ಬಿಯ ನಳಿಕೆಯನ್ನು ಬಾಯಲ್ಲಿ ಹೀರಿ ನೋಡಿ. ಪಾಯಿಂಟ್ ಕೂತಿರುವ ತಟ್ಟೆ ಸರಿಯಬೇಕು, ನಾಲಿಗೆ ಒತ್ತಿ ಹಿಡಿದಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ.

ಪಾಯಿಂಟ್ ಹೊಸದು ಹಾಕಿ, ಗ್ಯಾಪ್ 0.014ರಿಂದ 0.016 ಇಂಚು. ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) ಅಳೆಯುವ ಮೀಟರ್ ಇದ್ದರೆ ಲೂಕಾಸ್ ಡಿಸ್ಟ್ರಿಬ್ಯೂಟರ್‌ಗೆ 60 ಡಿಗ್ರಿ, ಮೂರು ಹೆಚ್ಚುಕಡಿಮೆ ಪರವಾಗಿಲ್ಲ. ಹೊಸ ಪಾಯಿಂಟ್ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿದ ಜಿಡ್ಡು ಇರುತ್ತದೆ, ಅದನ್ನು ಒರೆಸಿ. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ತೆರೆಯುವ ಕ್ಯಾಮ್‌ಗೆ ಒಂದು ಚೂರು ಗ್ರೀಸ್, ರೋಟರ್ ಕೆಳಗಿನ ಶಾಫ್ಟ್ ತುದಿಗೆ ಒಂದೆರಡು ಹನಿ ಎಣ್ಣೆ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ಯಾವತ್ತೂ ಮೀರುವಂತಿಲ್ಲ, ಏಕೆಂದರೆ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಅಡ್ವಾನ್ಸ್ ಆಗುತ್ತದೆ, ಕಡಿಮೆಯಾದರೆ ರಿಟಾರ್ಡ್ ಆಗುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಟೈಮಿಂಗೂ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತದೆ.

ಪ್ಲಗ್ ಗ್ಯಾಪ್ 0.025 ಇಂಚು. ಹಳೆಯ ಗಾಡಿಗಳಲ್ಲಿ ಇನ್ನೂ ಮೈಕೋ ಹೆಸರಿನ ಪ್ಲಗ್ ಸಿಗುವುದುಂಟು. 1951ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಆಡುಗೋಡಿಯ ಕಂಪನಿಯ ಮಾಲು ಅದು. ಎಷ್ಟೇ ಒಳ್ಳೆಯ ಪ್ಲಗ್ ಆಗಿದ್ದರೂ ಬೋರ್ ಮಾಡಿಸಿದ ಎಂಜಿನ್‌ಗೆ ಹೊಸದನ್ನೇ ಹಾಕಿ.

ನಿಜವಾದ ಟಿಡಿಸಿ ಎಲ್ಲಿದೆ

ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಟೈಮಿಂಗ್ ಚೈನ್ ಕವರ್ ಮೇಲೆ ಮೂರು ಮುಳ್ಳು. ಉದ್ದನೆಯ ಮುಳ್ಳು ಟಿಡಿಸಿ, ಉಳಿದೆರಡು ಅದಕ್ಕೆ 5 ಮತ್ತು 10 ಡಿಗ್ರಿ ಮುಂಚಿನವು. ಬಹಳಷ್ಟು ಎಂಜಿನ್‌ಗಳಲ್ಲಿ ಇವು ಪುಲ್ಲಿಯ ಕೆಳಭಾಗದಲ್ಲಿರುವುದರಿಂದ ಗಾಡಿ ಕೆಳಗೆ ತೂರಿಯೇ ನೋಡಬೇಕು. ಎಂಜಿನ್ ತಿರುಗುವ ದಿಕ್ಕಿನಲ್ಲಿ ಕಚ್ಚು ಮೊದಲು 10ನ್ನು, ಆಮೇಲೆ 5ನ್ನು, ಕೊನೆಗೆ ಉದ್ದನೆಯ ಮುಳ್ಳನ್ನು ದಾಟುತ್ತದೆ.

ಈ ಗುರುತುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಆ ಎಂಜಿನ್‌ಗೆ ಬೇರೆ ಗಾಡಿಯ ಕವರ್ ಬಂದಿರಬಹುದು, ಬೇರೆ ಪುಲ್ಲಿ ಕೂತಿರಬಹುದು, ಮುಳ್ಳು ಬಾಗಿರಬಹುದು. ಗುರುತು ತಪ್ಪಿದ್ದರೆ ಆಮೇಲೆ ಹಿಡಿಯುವ ಟೈಮಿಂಗ್ ಲೈಟ್ ಆ ತಪ್ಪನ್ನೇ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಹೆಡ್ ಇನ್ನೂ ಹಾಕಿಲ್ಲವಾದರೆ ನಿಮ್ಮ ಅದೃಷ್ಟ: ಒಂದನೇ ಪಿಸ್ಟನ್ ಮೇಲೆ ಡಯಲ್ ಗೇಜ್ ಇಟ್ಟು ನೇರವಾಗಿ ಅಳೆಯಬಹುದು. ಹೆಡ್ ಹಾಕಿಯಾಗಿದ್ದರೆ ಪಿಸ್ಟನ್ ಸ್ಟಾಪ್ ಬೇಕು. ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ತುದಿ ಗುಂಡಗೆ ಉಜ್ಜಿದ ಬೋಲ್ಟ್ ಬೆಸುಗೆ ಹಾಕಿಸಿದರೆ ಸ್ಟಾಪ್ ಸಿದ್ಧ.

ನಾಲ್ಕೂ ಪ್ಲಗ್ ತೆಗೆಯಿರಿ. ಒಂದನೇ ಸಿಲಿಂಡರ್, ಅಂದರೆ ರೇಡಿಯೇಟರ್ ಕಡೆಯದಕ್ಕೆ, ಪಿಸ್ಟನ್ ಕೆಳಗಿರುವಾಗ ಸ್ಟಾಪ್ ಹಾಕಿ. ಬಂಪರ್ ಮೂಲಕ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಸ್ಟಾಪಿಗೆ ತಾಗಿ ನಿಂತಾಗ ಉದ್ದನೆಯ ಮುಳ್ಳಿನ ಎದುರು ಪುಲ್ಲಿ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಉಲ್ಟಾ ದಿಕ್ಕಿಗೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು ಗೆರೆ. ಎರಡು ಗೆರೆಗಳ ಸರಿ ಮಧ್ಯವೇ ಟಿಡಿಸಿ. ಪುಲ್ಲಿಯ ಕಚ್ಚು ಅಲ್ಲೇ ಇದ್ದರೆ ಗುರುತು ಸರಿ. ಇಲ್ಲದಿದ್ದರೆ ಹೊಸ ಗುರುತು ಕೊರೆದು ಬಿಳಿ ಬಣ್ಣ ಹಚ್ಚಿ. ಇದನ್ನೆಲ್ಲ ಕೈಯಲ್ಲೇ, ಹಗುರವಾಗಿ ಮಾಡಬೇಕು. ಸ್ಟಾಪ್ ಒಳಗಿರುವಾಗ ಸ್ಟಾರ್ಟರ್ ಹೊಡೆದರೆ ಪಿಸ್ಟನ್ ಒಡೆಯುತ್ತದೆ. ಬ್ಯಾಟರಿ ವೈರ್ ತೆಗೆದಿಟ್ಟೇ ಶುರು ಮಾಡಿ.

ಪುಲ್ಲಿ ಮೇಲೆ 30 ಡಿಗ್ರಿಯ ಗುರುತನ್ನೂ ಈಗಲೇ ಹಾಕಿಕೊಂಡರೆ ಮುಂದೆ ಬಹಳ ಉಪಯೋಗ. ಪುಲ್ಲಿಯ ಸುತ್ತಳತೆಯನ್ನು ಕಾಗದದ ಪಟ್ಟಿಯಿಂದ ಅಳೆದು 360ರಿಂದ ಭಾಗಿಸಿ. ಸುತ್ತಳತೆ 400 ಮಿಮೀ ಇದ್ದರೆ ಒಂದು ಡಿಗ್ರಿಗೆ 1.1 ಮಿಮೀ, 30 ಡಿಗ್ರಿಗೆ ಸುಮಾರು 33 ಮಿಮೀ. ಮುಂದೆ ನಿಂತು ನೋಡಿದರೆ ಪುಲ್ಲಿ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ಕಚ್ಚಿನಿಂದ ಗಡಿಯಾರದ ದಿಕ್ಕಿಗೇ ಅಷ್ಟು ಅಳೆದು ಗೆರೆ ಹಾಕಬೇಕು. ಆಗಲೇ ಅದು ಕಚ್ಚಿಗಿಂತ ಮೊದಲು ಮುಳ್ಳಿನ ಹತ್ತಿರ ಬರುತ್ತದೆ.

ಕಂಪ್ರೆಷನ್ ಸ್ಟ್ರೋಕ್, ಡ್ರೈವ್ ಗೇರ್

ಪಿಸ್ಟನ್ ಟಿಡಿಸಿಗೆ ಬರುವುದು ಎರಡು ಸಲ: ಒಮ್ಮೆ ಕಂಪ್ರೆಷನ್ ಮುಗಿದಾಗ, ಒಮ್ಮೆ ಹೊಗೆ ಹೊರಗೆ ಹೋದಾಗ. ನಮಗೆ ಬೇಕಾದದ್ದು ಮೊದಲನೆಯದು. ಒಂದನೇ ಪ್ಲಗ್ ತೂತಿಗೆ ಬೆರಳು ಒತ್ತಿಟ್ಟು ಹ್ಯಾಂಡಲ್ ತಿರುಗಿಸಿ, ಗಾಳಿ ಬೆರಳನ್ನು ತಳ್ಳಿದರೆ ಕಂಪ್ರೆಷನ್. ರಾಕರ್ ಕವರ್ ತೆಗೆದಿದ್ದರೆ ಇನ್ನೂ ಖಚಿತವಾದ ದಾರಿಯಿದೆ: ನಾಲ್ಕನೇ ಸಿಲಿಂಡರಿನ ಎರಡು ವಾಲ್ವ್‌ಗಳಲ್ಲಿ ಒಂದು ಮುಚ್ಚುತ್ತಾ ಇನ್ನೊಂದು ತೆರೆಯಲು ಶುರುವಾಗುವ ಹೊತ್ತಿಗೆ ಒಂದನೆಯದು ಕಂಪ್ರೆಷನ್ ಟಿಡಿಸಿಯಲ್ಲಿರುತ್ತದೆ.

ಎಂಜಿನ್ ಬಿಚ್ಚಿದಾಗ ಡಿಸ್ಟ್ರಿಬ್ಯೂಟರ್ ತಿರುಗಿಸುವ ಡ್ರೈವ್ ಗೇರ್ ಸಹ ಹೊರಗೆ ಬಂದಿರುತ್ತದೆ. ಬೋರ್ ಆದ ಗಾಡಿ ಸ್ಟಾರ್ಟ್ ಆಗದೆ ಕಾರ್ಬ್ಯುರೇಟರ್ ಮೂಲಕ ಪಟಾರನೆ ಹೊಡೆಯುತ್ತಿದ್ದರೆ ನಾನು ಮೊದಲು ಸಂಶಯ ಪಡುವುದು ಇದನ್ನೇ. ಗೇರಿನ ತಲೆಯಲ್ಲಿ ಒಂದು ಸೀಳು ಇದೆ, ಆದರೆ ಅದು ನಟ್ಟ ನಡುವೆ ಇಲ್ಲ. ಒಂದು ಪಕ್ಕ ದಪ್ಪ, ಇನ್ನೊಂದು ತೆಳು. ಒಂದನೇ ಸಿಲಿಂಡರ್ ಕಂಪ್ರೆಷನ್ ಮೇಲೆ ಬರುವಂತೆ ಮಾಡಿ ಕಚ್ಚನ್ನು ಟೈಮಿಂಗ್ ಮುಳ್ಳಿನ ಎದುರು ನಿಲ್ಲಿಸಿ. ಗೇರಿನ ತಲೆಗೆ 5/16 ಯುಎನ್‌ಎಫ್ ಉದ್ದ ಬೋಲ್ಟ್ ಹಿಡಿಯುತ್ತದೆ. ಅದನ್ನು ಹಿಡಿಯಾಗಿ ಬಳಸಿ, ದಪ್ಪ ಪಕ್ಕ ಮೇಲಿರುವಂತೆ, ಸೀಳು ಅಡ್ಡಕ್ಕಿಂತ ತುಸು ಓರೆಯಾಗಿ ಕೆಳಗಿರುವಂತೆ ಹಿಡಿದು ಒಳಗೆ ಇಳಿಸಿ. ಕ್ಯಾಮ್ ಶಾಫ್ಟ್ ಹಲ್ಲಿಗೆ ಸಿಕ್ಕಂತೆ ಗೇರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತಾ ಹೋಗಿ, ಕೊನೆಗೆ ಸೀಳು ಸುಮಾರು ಒಂದು ಗಂಟೆಯ ಮುಳ್ಳಿನ ಜಾಗದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಎತ್ತಿ ಒಂದು ಹಲ್ಲು ಸರಿಸಿ ಮತ್ತೆ ಇಳಿಸಿ. ಬೋಲ್ಟ್ ಬಿಚ್ಚಲು ಮರೆಯಬೇಡಿ.

ಈಗ ಡಿಸ್ಟ್ರಿಬ್ಯೂಟರ್ ಕೂರಿಸಿ. ರೋಟರ್ ಯಾವ ಕಡೆ ತೋರಿಸುತ್ತದೆಯೋ ಕ್ಯಾಪ್‌ನಲ್ಲಿ ಆ ಜಾಗವೇ ಒಂದನೇ ಪ್ಲಗ್‌ನದು. ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿಗೆ 1-3-4-2 ಕ್ರಮದಲ್ಲಿ ವೈರ್ ಹಾಕಿ. ಈ ಎಂಜಿನ್‌ನ ರೋಟರ್ ತಿರುಗುವುದು ಗಡಿಯಾರದ ವಿರುದ್ಧ. ಬೇರೆ ಕಾರಿಗೆ ಇದೇ ವಿಧಾನ ಬಳಸುವವರು ಹ್ಯಾಂಡಲ್ ತಿರುಗಿಸಿ ದಿಕ್ಕನ್ನು ಕಣ್ಣಾರೆ ನೋಡಿಕೊಳ್ಳಿ.

ಬಲ್ಬ್ ಹಿಡಿದು ಸೆಟ್ ಮಾಡುವುದು

ಬೇಕಾದದ್ದು ಒಂದು 12 ವೋಲ್ಟ್ ಬಲ್ಬ್, ಎರಡು ವೈರ್. ಒಂದು ವೈರನ್ನು ಡಿಸ್ಟ್ರಿಬ್ಯೂಟರ್ ಪಕ್ಕದ ಸಣ್ಣ ಟರ್ಮಿನಲ್‌ಗೆ, ಅಂದರೆ ಕಾಯಿಲ್‌ನಿಂದ ತೆಳು ವೈರ್ ಬಂದು ಸೇರುವಲ್ಲಿಗೆ ಕೊಡಿ. ಇನ್ನೊಂದು ಎಂಜಿನ್ ಬ್ಲಾಕ್‌ಗೆ. ಇಗ್ನಿಷನ್ ಆನ್ ಮಾಡಿದರೆ ಪಾಯಿಂಟ್ ಮುಚ್ಚಿರುವಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹೊತ್ತಿಕೊಳ್ಳುತ್ತದೆ. ಪಾಯಿಂಟ್ ತೆರೆಯುವ ಆ ಕ್ಷಣವೇ ಕಿಡಿ ಹಾರುವ ಕ್ಷಣ. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಬಾಡಿಗೆ ಸೇರಿರುವ, ಹಳೆಯ ಗಾಡಿಗೂ ಇದೇ ನಡೆಯುತ್ತದೆ.

ಹ್ಯಾಂಡಲ್ ಅನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತಾ ಕಚ್ಚನ್ನು 5 ಡಿಗ್ರಿ ಮುಳ್ಳಿನ ಎದುರು ತನ್ನಿ. ದಾಟಿ ಹೋದರೆ ಅಲ್ಲಿಂದಲೇ ಹಿಂದೆ ಎಳೆಯಬೇಡಿ. ಚೈನ್‌ನಲ್ಲಿ, ಗೇರ್ ಹಲ್ಲುಗಳ ನಡುವೆ ಸಡಿಲ ಇರುತ್ತದೆ. ಹಿಂದೆ ಎಳೆದರೆ ಪುಲ್ಲಿ ಒಂದು ಮಾತು ಹೇಳುತ್ತದೆ, ಡಿಸ್ಟ್ರಿಬ್ಯೂಟರ್ ಇನ್ನೊಂದು. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ.

ಕ್ಲಾಂಪ್ ಬೋಲ್ಟನ್ನು ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಬಿಗಿಯಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ. ಬಾಡಿಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ, ಬಲ್ಬ್ ಆರುತ್ತದೆ. ಈಗ ಒಂದು ಬೆರಳಿನಿಂದ ರೋಟರನ್ನು ಗಡಿಯಾರದ ದಿಕ್ಕಿಗೆ ಮೆಲ್ಲಗೆ ಒತ್ತಿ ಹಿಡಿದು ಸಡಿಲ ತೆಗೆಯಿರಿ, ಇನ್ನೊಂದು ಕೈಯಿಂದ ಬಾಡಿಯನ್ನು ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತನ್ನಿ. ಬಲ್ಬ್ ಮೊದಲು ಮಿಣುಕುತ್ತದೆ. ಅಲ್ಲೇ ನಿಲ್ಲಿಸಿ. ಪೂರ್ತಿ ಹೊತ್ತಿಕೊಳ್ಳುವವರೆಗೆ ಹೋದರೆ ಒಂದೆರಡು ಡಿಗ್ರಿ ಹೆಚ್ಚಾಗಿಬಿಟ್ಟಿರುತ್ತದೆ, ಏಕೆಂದರೆ ಡಿಸ್ಟ್ರಿಬ್ಯೂಟರ್ ಒಂದು ಡಿಗ್ರಿ ತಿರುಗಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಅದು ಎರಡು ಡಿಗ್ರಿ. ಕ್ಲಾಂಪ್ ಬಿಗಿ ಮಾಡಿ.

ಬಿಗಿ ಮಾಡುವಾಗಲೇ ಬಾಡಿ ಸರಿದಿರಬಹುದು, ಆದ್ದರಿಂದ ಪರೀಕ್ಷೆ ಅಗತ್ಯ. ಹ್ಯಾಂಡಲ್ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಅಲ್ಲಿಗೇ ಬನ್ನಿ. ಕಚ್ಚು 5ರ ಮುಳ್ಳಿಗೆ ಬಂದಾಗಲೇ ಬಲ್ಬ್ ಮಿಣುಕಬೇಕು. ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ ಎ, ಆರ್ ಎಂದು ಬರೆದ ಸಣ್ಣ ಗುಂಡು ನಟ್ ಇದ್ದರೆ ಉಳಿದ ಸಣ್ಣ ತಿದ್ದುಪಡಿಯನ್ನು ಅದರಲ್ಲೇ ಮಾಡಬಹುದು: ಎ ಕಡೆ ಅಡ್ವಾನ್ಸ್, ಆರ್ ಕಡೆ ರಿಟಾರ್ಡ್, ಸುಮಾರು 11 ಕ್ಲಿಕ್‌ಗೆ ಒಂದು ಡಿಗ್ರಿ. ಅದನ್ನು ಮೊದಲೇ ನಡುವಿಗೆ ತಂದಿಟ್ಟುಕೊಂಡಿದ್ದರೆ ಎರಡೂ ಕಡೆ ಜಾಗ ಸಿಗುತ್ತದೆ. ಕೆಲಸ ಮುಗಿದ ಕೂಡಲೇ ಇಗ್ನಿಷನ್ ಆಫ್ ಮಾಡಿ. ಪಾಯಿಂಟ್ ಮುಚ್ಚಿಕೊಂಡು ಆನ್ ಇದ್ದರೆ ಕಾಯಿಲ್ ಸುಡುತ್ತದೆ.

ಪಾಸಿಟಿವ್ ಅರ್ಥ್ ಇದ್ದ ಗಾಡಿಯನ್ನು ಈ ಸಲ ನೆಗೆಟಿವ್‌ಗೆ ಬದಲಾಯಿಸಿದ್ದರೆ ಕಾಯಿಲ್‌ನ ಎರಡು ಸಣ್ಣ ವೈರ್‌ಗಳನ್ನೂ ಅದಲುಬದಲು ಮಾಡಬೇಕು. ಮಾಡದಿದ್ದರೂ ಗಾಡಿ ಓಡುತ್ತದೆ, ಆದರೆ ಕಿಡಿ ದುರ್ಬಲ.

ಮೊದಲ ಸ್ಟಾರ್ಟ್

ಪ್ಲಗ್ ಹಾಕುವ ಮೊದಲು ಸ್ಟಾರ್ಟರ್ ಸ್ವಲ್ಪ ಸ್ವಲ್ಪವೇ ಹೊಡೆದು ಆಯಿಲ್ ಪ್ರೆಷರ್ ಬರುವಂತೆ ಮಾಡಿ. ಕಂಪ್ರೆಷನ್ ಇಲ್ಲದಿರುವುದರಿಂದ ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಪ್ರೆಷರ್ ಬಂದ ಮೇಲೆ ಪ್ಲಗ್, ವೈರ್, ರೇಡಿಯೇಟರ್ ನೀರು ಎಲ್ಲ ನೋಡಿ ಸ್ಟಾರ್ಟ್ ಮಾಡಿ. ಹ್ಯಾಂಡಲ್‌ನಿಂದ ಸ್ಟಾರ್ಟ್ ಮಾಡುವ ಆಸೆ ಇರುವವರಿಗೆ ಒಂದು ಮಾತು: ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲ್ ಸುತ್ತಿ ಹಿಡಿಯಬೇಡಿ, ಮೇಲಕ್ಕೆ ಎಳೆಯಿರಿ, ಕೆಳಕ್ಕೆ ಒತ್ತಬೇಡಿ. ಟೈಮಿಂಗ್ ಮುಂದಿದ್ದರೆ ಎಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುವುದು ಹೀಗೆಯೇ.

ಗಾಡಿ ಹಿಡಿದ ಕೂಡಲೇ ವೇಗ ಏರಿಸಿ ಕ್ಯಾಮ್ ಪಳಗುವ ಆ 20 ನಿಮಿಷ ಮುಗಿಸಿ. ಈ ಹೊತ್ತಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಾಗುತ್ತಿದ್ದರೆ ಟೈಮಿಂಗ್ ತುಂಬಾ ಹಿಂದಿದೆ, ನಿಲ್ಲಿಸಿ ನೋಡಿ.

ಟೈಮಿಂಗ್ ಲೈಟ್

ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಕಡೆಯ ಬಾಯಿ ಮುಚ್ಚಿ. ಲೈಟ್‌ನ ಕ್ಲಿಪ್ ಒಂದನೇ ಪ್ಲಗ್ ವೈರ್‌ಗೆ. ಐಡ್ಲಿಂಗನ್ನು ಆದಷ್ಟು ಕಡಿಮೆ ಮಾಡಿಕೊಂಡು ನೋಡಿ. ಐಡ್ಲಿಂಗ್ ಹೆಚ್ಚಿದ್ದರೆ ತೂಕಗಳು ಆಗಲೇ ಹೊರಗೆ ಸರಿದು ಅಂಕಿ ಹೆಚ್ಚು ಕಾಣುತ್ತದೆ. ಬೆಳಕಿನಲ್ಲಿ ಫ್ಯಾನ್ ನಿಂತಂತೆ ಕಾಣಬಹುದು. ಅದು ತಿರುಗುತ್ತಲೇ ಇದೆ. ಸೆರಗು, ದುಪಟ್ಟಾ, ಸಡಿಲ ತೋಳಿನ ಅಂಗಿ, ಕೈಗಡಿಯಾರ ಯಾವುದೂ ಹತ್ತಿರ ಬೇಡ, ಕೆಳಗಿನಿಂದ ನೋಡುವಾಗಲಂತೂ ಬೇಡವೇ ಬೇಡ.

ನಿಧಾನಕ್ಕೆ ಆಕ್ಸಿಲರೇಟರ್ ಏರಿಸಿದರೆ ಗುರುತು ಒಂದೇ ಸಮನೆ ಮುಂದೆ ಸರಿಯಬೇಕು, ಬಿಟ್ಟರೆ ಅಷ್ಟೇ ನಯವಾಗಿ ವಾಪಸ್ ಬರಬೇಕು. ಜಿಗಿಯುತ್ತಿದ್ದರೆ ಬುಷ್ ಅಥವಾ ಚೈನ್; ಸರಿಯದೇ ಇದ್ದರೆ ತೂಕ ಹಿಡಿದಿದೆ; ವಾಪಸ್ ಬಾರದಿದ್ದರೆ ಸ್ಪ್ರಿಂಗ್ ಸೋತಿದೆ. ಬಿ-ಸೀರೀಸ್ ಎಂಜಿನ್‌ಗಳಲ್ಲಿ ವ್ಯಾಕ್ಯೂಮ್ ಇಲ್ಲದೆ ಸಿಗುವ ಒಟ್ಟು ಅಡ್ವಾನ್ಸ್ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು. ಹಿಂದೆ ಹಾಕಿದ ಗುರುತು ಈಗ ಕೆಲಸಕ್ಕೆ ಬರುತ್ತದೆ. ಆದರೆ ಆ ಅಂಕಿ ನೋಡಲು ಹೊಸ ಎಂಜಿನ್ ಅನ್ನು ಮೊದಲ ದಿನವೇ ಜೋರಾಗಿ ಎಳೆಯಬೇಡಿ. ರಿಂಗ್ ಕೂತ ಮೇಲೆ ನೋಡಿದರೆ ಸಾಕು.

ರಸ್ತೆಯಲ್ಲಿ

ಟಾಪ್ ಗೇರ್‌ನಲ್ಲಿ ಗಂಟೆಗೆ 40 ಕಿಮೀ ಆಸುಪಾಸಿನಲ್ಲಿ ಸಣ್ಣ ಏರಿಗೆ ಬಂದು ಆಕ್ಸಿಲರೇಟರ್ ಒತ್ತಿ. ಲೋಹ ಲೋಹಕ್ಕೆ ತಾಗಿದಂತೆ ಕಿಣಿಕಿಣಿ ಸದ್ದು ಬಂದರೆ ನಾಕಿಂಗ್, ಒಂದೆರಡು ಡಿಗ್ರಿ ಹಿಂದೆ ತನ್ನಿ. ಪಿಕಪ್ ಮಂದ, ಟೆಂಪರೇಚರ್ ಮುಳ್ಳು ಬೇಗ ಏರುತ್ತದೆ, ಸೈಲೆನ್ಸರ್‌ನಲ್ಲಿ ಪಟ್ ಪಟ್ ಎನ್ನುತ್ತದೆ ಎಂದರೆ ರಿಟಾರ್ಡ್ ಆಗಿದೆ.

ನಮ್ಮ ರಾಜ್ಯದಲ್ಲಿ ಒಂದು ವಿಷಯ ಗಮನದಲ್ಲಿರಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಸಿಲಿಂಡರ್ ತುಂಬುವುದೂ ಕಡಿಮೆ, ನಾಕಿಂಗೂ ಕಡಿಮೆ. ಇಲ್ಲಿ ನಾಕಿಂಗ್ ಅಂಚಿನವರೆಗೂ ಅಡ್ವಾನ್ಸ್ ಇಟ್ಟ ಗಾಡಿ ಶಿರಾಡಿ ಘಾಟ್ ಇಳಿದು ಮಂಗಳೂರು ಸೇರಿ, ಸೆಕೆಯಲ್ಲಿ ತುಂಬಿದ ಗಾಡಿಯಾಗಿ ಏರು ಹತ್ತುವಾಗ ಕಿಣಿಗುಟ್ಟಬಹುದು. ಘಟ್ಟದ ಮೇಲೂ ಕೆಳಗೂ ಓಡಾಡುವವರು ಒಂದೆರಡು ಡಿಗ್ರಿ ಕೈಯಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ಈಗಿನ ಇ20 ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ಆಕ್ಟೇನ್ ಹೆಚ್ಚು, ನಾಕಿಂಗ್ ಭಯ ಆ ಮಟ್ಟಿಗೆ ಕಡಿಮೆ. ಆದರೆ ಅದೇ ಜೆಟ್‌ನಲ್ಲಿ ಮಿಕ್ಸ್ಚರ್ ತೆಳುವಾಗುತ್ತದೆ. ಪಿಕಪ್ ಸಾಲದೆಂದು ಟೈಮಿಂಗ್ ಮುಂದೆ ತಳ್ಳುವ ಮೊದಲು ಕಾರ್ಬ್ಯುರೇಟರ್ ಮಿಕ್ಸ್ಚರ್ ನೋಡಿ. ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಎಥನಾಲ್‌ಗೆ ತಡೆಯುವುದಿಲ್ಲ. ಎಂಜಿನ್ ಕೆಲಸದ ಜೊತೆಗೇ ಅವನ್ನೂ ಬದಲಾಯಿಸಿ.

ಹೊಸ ಪಾಯಿಂಟ್‌ನ ಹಿಮ್ಮಡಿ, ಅಂದರೆ ಕ್ಯಾಮ್‌ಗೆ ಉಜ್ಜುವ ತುಂಡು, ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಬೇಗ ಸವೆದು ಗ್ಯಾಪ್ ಕುಗ್ಗುತ್ತದೆ, ಟೈಮಿಂಗ್ ತಾನಾಗಿ ಹಿಂದೆ ಸರಿಯುತ್ತದೆ. ಹೊಸ ಎಂಜಿನ್‌ನ ಮೊದಲ ಆಯಿಲ್ ಬದಲಾಯಿಸುವ ದಿನವೇ ಟ್ಯಾಪೆಟ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಮೂರನ್ನೂ ಇದೇ ಕ್ರಮದಲ್ಲಿ ಮತ್ತೊಮ್ಮೆ ನೋಡಿ, ಅಂಕಿಗಳನ್ನು ಗಾಡಿಯ ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಡಿ.